ಮದುವೆ ಮಾಡಿಸೋ ಟೀಚರ್‌ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನನ್ನ ಕೆಲಸದ ಬಗ್ಗೆ ಎರಡು ಪುಟ ಬರೆದಿದ್ದೆ. ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವಳು ನಾನು. ಈಗ ಹುಡುಗ ಹುಡುಗಿ ಜೊತೆ ಕೂತು, ಅವರಿಗೆ ಹೊಂದುವ ಹಾಗೆ ಮದುವೆಯ ಕ್ರಮ ಬರೆದು, ಆ ದಿನ ಮುಂದೆ ನಿಂತು ನಡೆಸಿಕೊಡುತ್ತೇನೆ. ಅದಕ್ಕೆ ಬಂದ ಕಾಗದ, ಮೆಸೇಜುಗಳ ರಾಶಿ ನೋಡಿ ಸಂಪಾದಕರು ಈ ಸಲದ ಪ್ರಶ್ನೋತ್ತರದ ಪುಟಗಳನ್ನು ನನಗೇ ಬಿಟ್ಟುಕೊಟ್ಟಿದ್ದಾರೆ. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಇಲ್ಲ. ಒಂದೇ ಥರದವನ್ನು ಸೇರಿಸಿದ್ದೇನೆ, ಹೆಸರು ತೆಗೆದಿದ್ದೇನೆ. ಜಾತಕ ಕೂಡಿಬರುತ್ತಾ ನೋಡಿ ಅಂತ ಕಳಿಸಿದ ಮೂವರಿಗೆ: ನನಗೆ ಅದು ಬರುವುದಿಲ್ಲ, ಕ್ಷಮಿಸಿ.

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ವಯಸ್ಸು 29, ಖಾಸಗಿ ಶಾಲೆಯಲ್ಲಿ ಟೀಚರ್. ಊರಿನ ಕಾರ್ಯಕ್ರಮಗಳಿಗೆ ನಿರೂಪಣೆ ಮಾಡುತ್ತೇನೆ, ಚೆನ್ನಾಗಿ ಮಾತಾಡ್ತೀಯ ಅಂತಾರೆ. ನಿಮ್ಮ ಹಾಗೆ ಮದುವೆ ಮಾಡಿಸಬೇಕು ಅಂತ ಆಸೆ. ಏನು ಕಲಿಯಬೇಕು ಅಕ್ಕಾ?

ಉತ್ತರ: ತಂಗೀ, ಚೆನ್ನಾಗಿ ಮಾತಾಡುವುದೇ ನಿನಗೆ ಮೊದಲ ತೊಂದರೆ. ಬೇಜಾರು ಮಾಡಿಕೊಳ್ಳಬೇಡ, ನನಗೂ ಇದೇ ಕಾಯಿಲೆ ಇತ್ತು. ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತು ಮಾತಾಡಿದವಳು ಮೊದಲನೇ ಮದುವೆಯಲ್ಲಿ ದಾಂಪತ್ಯದ ಬಗ್ಗೆ ನಲವತ್ತು ನಿಮಿಷ ಕೊರೆದೆ. ಮದುಮಗ ನನ್ನದೇ ಹಳೇ ವಿದ್ಯಾರ್ಥಿ, ಪಾಪ, ಹತ್ತನೇ ಕ್ಲಾಸಿನಲ್ಲಿ ಕೂತ ಹಾಗೆ ಕೈ ಕಟ್ಟಿಕೊಂಡು ಕೂತಿದ್ದ. ಹಿಂದಿನ ಸಾಲಿನವರು ಎದ್ದು ಊಟದ ಪಂಕ್ತಿಗೆ ಹೋಗಿಯಾಗಿತ್ತು.

ಮದುವೆ ಅಂದರೆ ಕೈಯಿಂದ ಮಾಡುವ ಕೆಲಸ. ಭಾಷಣ ಅಲ್ಲ. ಧಾರೆ ಎರೆಯುತ್ತಾರೆ, ಜೀರಿಗೆ ಬೆಲ್ಲ ತಲೆ ಮೇಲಿಡುತ್ತಾರೆ, ಅಂತರಪಟ ಸರಿಸುತ್ತಾರೆ, ತಾಳಿ ಕಟ್ಟುತ್ತಾರೆ, ಕಾಲುಂಗುರ ಹಾಕುತ್ತಾರೆ. ಜನಕ್ಕೆ ನೆನಪಿರುವುದು ಇದೇ. ಹೊಸದಾಗಿ ಕ್ರಮ ಬರೆಯುವವರು ಇದನ್ನೆಲ್ಲ ತೆಗೆದುಹಾಕಿ ಆ ಜಾಗಕ್ಕೆ ಮಾತು ತುಂಬುತ್ತಾರೆ. ಆಗ ಅದು ಸನ್ಮಾನ ಸಮಾರಂಭ ಆಗುತ್ತದೆ. ನೀನು ಒಂದು ಶಾಸ್ತ್ರ ತೆಗೆದರೆ ಅದರ ಜಾಗದಲ್ಲಿ ಕೈಗೆ ಇನ್ನೊಂದು ಕೆಲಸ ಕೊಡು. ನಾನು ಕಲಿತಿದ್ದರಲ್ಲಿ ಇದೇ ದೊಡ್ಡದು.

ನಾನು ಯಾವ ಕೋರ್ಸೂ ಮಾಡಿಲ್ಲ. ನನ್ನ ಕ್ರಮ ಹೇಳುತ್ತೇನೆ, ಬೇಕಾದ್ದು ತಗೋ. ಮದುವೆಗೆ ಎರಡು ಮೂರು ತಿಂಗಳು ಇರುವಾಗ ಇಬ್ಬರನ್ನೂ ಮನೆಗೆ ಕರೆಯುತ್ತೇನೆ. ಫೋನಿನಲ್ಲಿ ಆಗುವುದಿಲ್ಲ. ಮೊದಲು ಒಬ್ಬೊಬ್ಬರ ಜೊತೆ, ಆಮೇಲೆ ಇಬ್ಬರ ಜೊತೆ, ಒಟ್ಟು ಎರಡು ಗಂಟೆಯಾದರೂ ಬೇಕು. ಪ್ರೀತಿ ಹೇಗೆ ಹುಟ್ಟಿತು ಅಂತ ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಸಿನಿಮಾದ ಉತ್ತರ ಕೊಡುತ್ತಾರೆ. ಕಳೆದ ಸಲ ಜಗಳ ಆಡಿದ್ದು ಯಾವುದಕ್ಕೆ? ಅವರ ಮನೆಯಲ್ಲಿ ನಿನಗೆ ಕಷ್ಟ ಅನಿಸಿದ ಅಭ್ಯಾಸ ಯಾವುದು? ನಿನಗೆ ಹುಷಾರಿಲ್ಲದಾಗ ಇವನು ಏನು ಮಾಡಿದ? ಈ ಮದುವೆಗೆ ಇರಬೇಕಿತ್ತು, ಆದರೆ ಇಲ್ಲ ಅನ್ನುವವರು ಯಾರು? ಈ ಕೊನೆಯ ಪ್ರಶ್ನೆಗೆ ಸುಮಾರು ಜನ ಅಳುತ್ತಾರೆ. ಸುಮ್ನೆ ಕೂತಿರು, ಕಾಫಿ ತರ್ತೀನಿ ಅಂತ ಎದ್ದು ಹೋಗಬೇಡ.

ಒಂದು ಉದಾಹರಣೆ ಕೊಡುತ್ತೇನೆ, ಅವರ ಒಪ್ಪಿಗೆ ಇದೆ. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಹುಡುಗಿ ಅಪ್ಪನ ಜೊತೆ ಅಡಿಕೆ ತೋಟ ನೋಡಿಕೊಳ್ಳುವವಳು. ಕೊಳೆ ರೋಗ ಜಾಸ್ತಿ ಆದ ವರ್ಷ ಔಷಧಿ ಹೊಡೆಯುವ ಹೊತ್ತಿಗೆ ಮರ ಹತ್ತುವ ಕೊನೆಗೌಡ ಸಿಕ್ಕಿದ, ಕೆಳಗೆ ಬೋರ್ಡೋ ಅನ್ನುವ ಆ ಔಷಧಿ ಕಲಸಿ ಕೊಡಲು ಆಳು ಸಿಗಲಿಲ್ಲ. ಇವನು ರಜೆ ಹಾಕಿ ಬಂದ. ಯೂಟ್ಯೂಬ್ ನೋಡಿದ್ದ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುವುದು ಬಾಯಿಪಾಠ. ಆದರೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕಾದವನು ಉಲ್ಟಾ ಸುರಿದ, ಅದೂ ಸುಣ್ಣ ಅರ್ಧ ಮಾತ್ರ. ಅವಳ ಅಪ್ಪ ಒಂದು ಮಾತೂ ಆಡದೆ ಸೊಂಟದ ಕತ್ತಿ ತೆಗೆದು ಡ್ರಮ್ಮಿನಲ್ಲಿ ಅದ್ದಿ ಎತ್ತಿ ತೋರಿಸಿದರು. ಅಲಗು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹಾಗಾದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಇವನು ತಾಮ್ರ ಹಿಡಿಯುವುದು ನಿಲ್ಲುವ ತನಕ ಸುಣ್ಣ ಹಾಕುತ್ತಾ ಸಂಜೆವರೆಗೂ ಅಲ್ಲೇ ನಿಂತ. ಇದ್ದ ಒಂದೇ ಒಳ್ಳೆ ಶರ್ಟು ನೀಲಿ ಆಯಿತು. "ಆವತ್ತು ನಮ್ಮಪ್ಪ ಇವರಿಗೆ ಊಟಕ್ಕೆ ಬಾ ಅಂದರು ಟೀಚರ್, ಅದಕ್ಕೆ ಮುಂಚೆ ಬಾ ಅಂದಿರಲಿಲ್ಲ" ಅಂದಳು ಹುಡುಗಿ.

ಮದುವೆಯಲ್ಲಿ ನಾನು ಈ ಕತೆಯನ್ನು ಎರಡು ನಿಮಿಷದಲ್ಲಿ ಹೇಳಿದೆ. ತೋಟದವರೇ ತುಂಬಿದ್ದ ಚಪ್ಪರ. ಕತ್ತಿ ಅದ್ದಿದರು ಅನ್ನುತ್ತಿದ್ದ ಹಾಗೆ ಇಡೀ ಚಪ್ಪರ ನಕ್ಕಿತು, ಮುಂದಿನದು ನಾನು ಹೇಳಬೇಕಾಗಿಯೇ ಇರಲಿಲ್ಲ. ಆಮೇಲೆ ಅಪ್ಪ ಎದ್ದು ಬಂದು ಅಳಿಯನಿಗೆ ಹೊಸ ಶರ್ಟು ಕೊಟ್ಟರು. ಅದನ್ನು ನಾನು ಬರೆದಿರಲಿಲ್ಲ, ಅಪ್ಪನೇ ತಂದಿದ್ದು.

ಇನ್ನು ಸಣ್ಣಪುಟ್ಟದ್ದು. ಇಡೀ ಕ್ರಮ 35 ನಿಮಿಷ ಮೀರಬಾರದು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿಡು, ಇನ್ನೊಂದು ಪ್ರತಿ ಅಡುಗೆಮನೆಯಲ್ಲಿ ಯಾರ ಹತ್ತಿರವಾದರೂ ಇರಲಿ. ದೀಪ ಹಚ್ಚುವ ಜಾಗದಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಅಂತ ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೋಡು. ಕಿವಿ ಕೇಳದ ಹಿರಿಯರನ್ನು ಮುಂದೆ ಕೂರಿಸು. ಮೊದಲು ಎರಡು ಮೂರು ಮದುವೆ ನಿನಗೆ ಗೊತ್ತಿರುವವರದ್ದೇ ಮಾಡಿಸು.

ಪ್ರಶ್ನೆ: ನಾವು ಶಿವಮೊಗ್ಗದವರು. ಪುರೋಹಿತರು ಬೇಡ, ನಮ್ಮದೇ ಮಾತಿನಲ್ಲಿ ಮದುವೆ ಆಗೋಣ ಅಂತಿದ್ದೇವೆ. ನಿಮ್ಮಂಥವರು ಮಾಡಿಸಿದ ಮದುವೆಗೆ ಕಾನೂನಿನಲ್ಲಿ ಬೆಲೆ ಇದೆಯಾ? ನೀವೇ ಸರ್ಟಿಫಿಕೇಟ್ ಕೊಡ್ತೀರಾ?

ಉತ್ತರ: ಇಲ್ಲ ತಮ್ಮಾ, ನಾನು ಸರ್ಟಿಫಿಕೇಟ್ ಕೊಡುವವಳಲ್ಲ. ಕಾಗದದಲ್ಲಿ ನನ್ನ ಸಹಿ ಬಿದ್ದರೆ ಅದು ಸಾಕ್ಷಿಯ ಸಹಿ, ಅಷ್ಟೇ. ಯಾರಾದರೂ "ನಾವೇ ಮದುವೆ ಮಾಡಿಸಿ ನಾವೇ ಸರ್ಟಿಫಿಕೇಟ್ ಕೊಡ್ತೀವಿ, ಸಾಕು" ಅಂದರೆ ಎದ್ದು ಬನ್ನಿ.

ಈ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳುವುದು ಇಷ್ಟು: ಹುಡುಗ ಅಥವಾ ಹುಡುಗಿ, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರದ ಪ್ರಕಾರ ಮದುವೆ ನಡೆಯಬೇಕು. ಆ ಶಾಸ್ತ್ರದಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿ ಆಗುತ್ತದೆ. ಅಂದರೆ ಪುರೋಹಿತರು ಇರಲೇಬೇಕು ಅಂತ ಅಲ್ಲಿ ಬರೆದಿಲ್ಲ. ಆದರೆ ರೂಢಿಯ ಶಾಸ್ತ್ರ ಇರಲೇಬೇಕು. ಪಕ್ಕದ ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗಾಗಿ ಇದೇ ಕಾಯ್ದೆಗೆ 7ಎ ಅಂತ ಬೇರೆ ಸೆಕ್ಷನ್ ಸೇರಿಸಿಕೊಂಡಿದ್ದಾರೆ. ಅಲ್ಲಿ ನಾಲ್ಕು ಜನರ ಮುಂದೆ, ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿ ಒಪ್ಪಿಕೊಂಡೆ ಅಂದರೂ, ಹಾರ ಬದಲಾಯಿಸಿದರೂ ಸಾಕು. ನಮ್ಮಲ್ಲಿ ಆ ಅನುಕೂಲ ಇಲ್ಲ. ಅದರ ಮೇಲೆ 2024ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಖಡಾಖಂಡಿತ ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಹಿಂದೂ ವಿವಾಹ ಆಗುವುದಿಲ್ಲ.

ಹಾಗಾಗಿ ನಾನು ಬರುವವರಿಗೆ ಎರಡು ದಾರಿ ಹೇಳುತ್ತೇನೆ. ಒಂದು, ನಿಮ್ಮ ಕಡೆಯ ಮುಖ್ಯ ಶಾಸ್ತ್ರ ಉಳಿಸಿಕೊಳ್ಳಿ. ಧಾರೆ, ಸಪ್ತಪದಿ, ತಾಳಿ, ನಿಮ್ಮಲ್ಲಿ ಯಾವುದು ಮುಖ್ಯವೋ ಅದು. ಮಾತು ಕನ್ನಡದಲ್ಲಿರಲಿ, ಫೋಟೊ ವಿಡಿಯೊ ಇರಲಿ, ಲಗ್ನಪತ್ರಿಕೆ ಒಂದಿರಲಿ, ಆಮೇಲೆ ನೋಂದಣಿ ಮಾಡಿಸಿ. ಇನ್ನೊಂದು, 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರದ್ದೂ ಬೇರೆ ಬೇರೆ ಧರ್ಮ ಆದರೆ, ಯಾರೂ ಮತಾಂತರ ಆಗುವುದು ಬೇಡ ಅನ್ನುವುದಾದರೆ, ಇದೇ ದಾರಿ. ಒಂದೇ ಧರ್ಮದವರೂ ಆಗಬಹುದು. ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಮುಂಚೆ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇರಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, 30 ದಿನ ಕಾಯಬೇಕು, ಆ ಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ತಕರಾರು ಹಾಕುವವರು ಕಾನೂನಿನ ಕಾರಣ ಕೊಡಬೇಕು, ವಯಸ್ಸು ಆಗಿಲ್ಲ, ಮೊದಲ ಮದುವೆ ಇನ್ನೂ ಇದೆ, ಅಂಥದ್ದು. "ನಮಗೆ ಇಷ್ಟ ಇಲ್ಲ" ಅನ್ನುವುದು ಕಾರಣ ಅಲ್ಲ. ನೋಟಿಸ್ ಕೊಟ್ಟು ಮೂರು ತಿಂಗಳಲ್ಲಿ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ. ಆದ್ದರಿಂದ ಕಲ್ಯಾಣ ಮಂಟಪ ಬುಕ್ ಮಾಡುವಾಗಲೇ ಈ ಲೆಕ್ಕ ಹಾಕಿ.

ಆ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಾಲಿದೆ. ಶಾಸ್ತ್ರ ಹೇಗೆ ಬೇಕಾದರೂ ಮಾಡಿಕೊಳ್ಳಿ, ಆದರೆ ಇಬ್ಬರೂ ಒಬ್ಬರಿಗೊಬ್ಬರು "ನಿಮ್ಮನ್ನು ಸ್ವೀಕರಿಸುತ್ತೇನೆ" ಅನ್ನುವ ಮಾತನ್ನು ಅಧಿಕಾರಿ, ಸಾಕ್ಷಿಗಳ ಮುಂದೆ ಹೇಳಲೇಬೇಕು, ಅದೂ ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ. ನಾನು ಇಷ್ಟು ವರ್ಷ ಚಪ್ಪರದಲ್ಲಿ ನಿಂತು ಒದ್ದಾಡುತ್ತಿರುವುದು ಇದಕ್ಕೇ ಅಲ್ವಾ!

ಇನ್ನೊಂದು. ಜಂಟಿ ಕುಟುಂಬದ ತೋಟ ಇದ್ದು, ಹಿಂದೂ ಅಲ್ಲದವರನ್ನು ಈ ಕಾಯ್ದೆಯಡಿ ಮದುವೆ ಆದರೆ, ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಕಾನೂನು ಲೆಕ್ಕ ಹಿಡಿಯುತ್ತದೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರಲ್ಲಿ ಯಾರೇ ಆದರೂ ಈ ನಿಯಮ ಇಲ್ಲ. ತೋಟದ ಪಾಲಿನ ವಿಚಾರ ವಕೀಲರ ಹತ್ತಿರ ಕೇಳಿಕೊಳ್ಳಿ, ನನ್ನ ಹತ್ತಿರ ಅಲ್ಲ.

ಪ್ರಶ್ನೆ: ಮಗಳು ಪುರೋಹಿತರೇ ಬೇಡ, ಕನ್ಯಾದಾನ ಬೇಡವೇ ಬೇಡ, ನಾನೇನು ದಾನ ಕೊಡೋ ವಸ್ತುವಾ ಅಂತಾಳೆ. ನಮ್ಮ ಅತ್ತೆಗೆ 84 ವರ್ಷ, ವಿಷಯ ಗೊತ್ತಾದಾಗಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಾನು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. (ಕೊಪ್ಪದಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಇಂಥ ಕಾಗದವೇ ಒಂಬತ್ತು ಬಂದಿವೆ, ಮಧ್ಯದಲ್ಲಿ ನೀವೊಬ್ಬರೇ ಇಲ್ಲ.

ಅಜ್ಜಿಗೆ ಬೇಜಾರಾಗಿರುವುದು ಪುರೋಹಿತರು ಇಲ್ಲ ಅಂತಲೋ, ತನಗೆ ಏನೂ ಕೆಲಸ ಇಲ್ಲ ಅಂತಲೋ, ಮೊದಲು ಅದನ್ನು ತಿಳಿದುಕೊಳ್ಳಿ. ನನ್ನ ಅನುಭವದಲ್ಲಿ ಹೆಚ್ಚು ಸಲ ಎರಡನೆಯದು. ಸಾಗರದ ಹತ್ತಿರ ಒಂದು ದೀವರ ಮನೆಯ ಮದುವೆ ಮಾಡಿಸಲು ಹೋಗಿದ್ದೆ. ಮೊಮ್ಮಗಳು ಇಂಜಿನಿಯರು, ಹುಡುಗ ಬೇರೆ ಜಾತಿ, ಎಲ್ಲ ಸರಳವಾಗಿರಲಿ ಅಂತ. ಅಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು, ನನ್ನನ್ನು ನೋಡಿದರೂ ನೋಡದ ಹಾಗೆ. ನಾನು ಪಕ್ಕ ಹೋಗಿ ಕೂತು, ನಿಮ್ಮ ಮದುವೆಯಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಯಾರು ಬರೆದರು ಅಜ್ಜಿ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಗೋಡೆಗೆ ಕೆಮ್ಮಣ್ಣು ಬಳಿಯುವುದು ಹೇಗೆ, ಅಕ್ಕಿ ನೆನೆಸಿ ಅರೆದ ಬಿಳಿ ಎಷ್ಟು ತೆಳ್ಳಗಿರಬೇಕು, ಪುಂಡಿ ನಾರನ್ನು ಜಜ್ಜಿ ಕುಂಚ ಮಾಡುವುದು ಹೇಗೆ, ಎಲ್ಲ ಕೈ ಆಡಿಸಿಕೊಂಡು ಹೇಳಿದರು. ಕೈ ನಡುಗುತ್ತಿತ್ತು. ಗೆರೆ ಎಳೆಯುವುದು ಇನ್ನು ಆಗಲ್ಲ ಅಂದರು. ಹಾಗಾಗಿ ಮದುಮಗಳು ಮತ್ತು ಅವಳ ಮೂವರು ಗೆಳತಿಯರು ನಾಲ್ಕು ದಿನ ಕೂತು ಬರೆದರು, ಅಜ್ಜಿ ಹಿಂದೆ ಕುರ್ಚಿ ಹಾಕಿಕೊಂಡು ಬೈದರು. "ಅದು ಗೆರೆ ಅಲ್ಲ, ಹಾವು." ಮದುವೆ ದಿನ ಜೋಡಿ ಆ ಹಸೆ ಗೋಡೆ ಮುಂದೆಯೇ ಕೂತಿತು. ಹಸೆಗೆ ಕರೆಯುವ ಪದ ಹೇಳಲು ಯಾರೂ ಇಲ್ಲ ಅಂದುಕೊಂಡಿದ್ದೆವು. ಅಜ್ಜಿ ಮೈಕ್ ಬೇಡ ಅಂತ ದೂರ ತಳ್ಳಿ ತಾನೇ ಶುರು ಮಾಡಿದರು, ಎರಡನೇ ಸಾಲಿಗೆ ಹಿಂದಿನಿಂದ ಇನ್ನಿಬ್ಬರು ಹೆಂಗಸರು ದನಿ ಸೇರಿಸಿದರು. ನನ್ನ ಕೈಯಲ್ಲಿದ್ದ ಪುಟದಲ್ಲಿ ಆ ಹೊತ್ತಿಗೆ ಮೂರು ಪ್ಯಾರಾ ಮಾತಿತ್ತು. ಓದಲಿಲ್ಲ.

ಕನ್ಯಾದಾನದ ವಿಷಯ. ನಿಮ್ಮ ಮಗಳು ಹೇಳುವುದು ನನಗೆ ಸರಿ ಅನಿಸುತ್ತದೆ. ಆದರೆ ಧಾರೆಯನ್ನೇ ಕೈಬಿಡಬೇಕು ಅಂತೇನಿಲ್ಲ. ನಾನು ಹೀಗೆ ಮಾಡಿಸುತ್ತೇನೆ: ಹುಡುಗ ಹುಡುಗಿ ಇಬ್ಬರೂ ಸೇರಿ ಒಂದು ತೆಂಗಿನಕಾಯಿ ಹಿಡಿಯುತ್ತಾರೆ. ಎರಡೂ ಕಡೆಯ ಅಪ್ಪ ಅಮ್ಮ ನಾಲ್ವರೂ ಒಂದೇ ಗಿಂಡಿ ಹಿಡಿದು ನೀರು ಎರೆಯುತ್ತಾರೆ. ಕೊಡುವವರು ತಗೊಳ್ಳುವವರು ಅಂತ ಇಲ್ಲ, ಎರಡೂ ಮನೆಯವರು ಎರಡೂ ಮಕ್ಕಳ ಕೈ ಮೇಲೆ ಎರೆದ ಹಾಗೆ. ನೀರು ಅದೇ, ಕಾಯಿ ಅದೇ, ಅಜ್ಜಿಯ ಕಣ್ಣಿಗೆ ಧಾರೆ ಧಾರೆಯ ಹಾಗೇ ಕಾಣುತ್ತದೆ. ಗಿಂಡಿ ಸಣ್ಣದು, ಎಂಟು ಕೈ, ಬೀಗರು ಬೀಗಿತ್ತಿಯರು ಒಬ್ಬರಿಗೊಬ್ಬರು ತಾಗಿಕೊಂಡು ನಿಲ್ಲಬೇಕಾಗುತ್ತದೆ. ಅಲ್ಲಿ ತನಕ ಮುಖ ಊದಿಸಿಕೊಂಡಿದ್ದವರೂ ನಗುವುದನ್ನು ನೋಡಿದ್ದೇನೆ. ಇಬ್ಬರ ಕಡೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ವಿಧವೆ ತಾಯಿಯೊಬ್ಬರೇ ಇದ್ದರೆ, ಅವರು ಎರೆಯಲೇಬೇಕು. ಇದೊಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಒಪ್ಪದಿದ್ದರೆ ಆ ಮದುವೆ ನನಗೆ ಬೇಡ.

ಸಪ್ತಪದಿ ಇಟ್ಟುಕೊಳ್ಳಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮುಂದೆ ಸಂಪತ್ತು, ಸುಖ, ಸಂತಾನ, ಋತುಗಳು. ನಡುವಿನವು ಶಾಖೆಯಿಂದ ಶಾಖೆಗೆ ಸ್ವಲ್ಪ ಬದಲಾಗುತ್ತವೆ. ಏಳನೆಯದು ಸ್ನೇಹಕ್ಕೆ. ಗಂಡ ಹೆಂಡತಿ ಆಗುವ ಕೊನೇ ಹೆಜ್ಜೆಯಲ್ಲಿ "ಸಖ" ಅನ್ನುವ ಮಾತು ಬರುತ್ತದೆ ಅಂತ ಹೇಳಿದಾಗ ನಿಮ್ಮ ಮಗಳಂಥ ಎಷ್ಟೋ ಹುಡುಗಿಯರು, ಹೌದಾ, ಹಾಗಾದರೆ ಇರಲಿ ಅಂದಿದ್ದಾರೆ.

ಮತ್ತೆ ನಿಮ್ಮ ಮನೆಯ ಪುರೋಹಿತರನ್ನು ಊಟಕ್ಕೆ ಕರೆಯುವುದನ್ನು ಮರೆಯಬೇಡಿ. ಒಂದು ಮದುವೆಯಲ್ಲಿ ಅವರ ಮನೆ ಭಟ್ಟರು ಮುಂದಿನ ಸಾಲಿನಲ್ಲೇ ಕೂತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಎಲ್ಲ ಚೆನ್ನಾಗಿತ್ತು ಟೀಚರೇ, ಒಂದು ಕಡೆ ದೀರ್ಘ ಹ್ರಸ್ವ ಆಯ್ತು" ಅಂದರು. ಮೂವತ್ತು ವರ್ಷ ಮಕ್ಕಳ ಹ್ರಸ್ವ ದೀರ್ಘ ತಿದ್ದಿದವಳಿಗೆ!

ಪ್ರಶ್ನೆ: ನೇರವಾಗಿ ಕೇಳ್ತೀನಿ ಮೇಡಂ, ಎಷ್ಟು ತಗೋತೀರಿ? ಇದರಲ್ಲಿ ಹೊಟ್ಟೆ ತುಂಬುತ್ತಾ? (ಭದ್ರಾವತಿ)

ಉತ್ತರ: ನೇರವಾಗಿಯೇ ಹೇಳುತ್ತೇನೆ. 15,000. ದೂರ ಆದರೆ ಪ್ರಯಾಣ ಬೇರೆ. ಮೊದಲು ಏನೂ ತಗೊಳ್ಳುತ್ತಿರಲಿಲ್ಲ, ಸೀರೆ ಕೊಡುತ್ತಿದ್ದರು. ಬೀರುವಿನಲ್ಲಿ ಜಾಗ ಸಾಲದಾಯಿತು. ಅದಲ್ಲದೆ ದುಡ್ಡು ತಗೊಳ್ಳದಿದ್ದರೆ ಜನ ಹೇಳಿದ ದಿನಕ್ಕೆ ಬರುವುದೂ ಇಲ್ಲ, ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಎಲ್ಲ ಬದಲಾಯಿಸುತ್ತಾರೆ. ಈಗ ಅರ್ಧ ಮುಂಗಡ, ಅರ್ಧ ಮದುವೆಯ ಹಿಂದಿನ ವಾರ. ಮದುವೆ ದಿನ ದುಡ್ಡಿನ ಮಾತು ಎತ್ತಬಾರದು, ಆವತ್ತು ಯಾರ ಜೇಬು ಯಾರ ಹತ್ತಿರ ಇರುತ್ತದೆ ಅಂತಲೇ ಗೊತ್ತಿರುವುದಿಲ್ಲ. ಜಾಸ್ತಿ ಅನ್ನುವವರಿಗೆ ನಾನು ಲೆಕ್ಕ ಕೊಡುತ್ತೇನೆ: ಕೂತು ಮಾತಾಡಲು ಎರಡು ದಿನ, ಬರೆಯಲು ಮೂರು ನಾಲ್ಕು ದಿನ, ತಿದ್ದಲು ಒಂದು, ತಾಲೀಮಿಗೆ ಒಂದು, ಮದುವೆ ದಿನ ಒಂದು.

ಹೊಟ್ಟೆ ತುಂಬುವುದು ಕಷ್ಟ. ನನಗೆ ಪೆನ್ಷನ್ ಇದೆ. ಮಲೆನಾಡಿನಲ್ಲಿ ಜೂನ್ ಬಂದರೆ ಮುಗಿಯಿತು, ಆ ಮಳೆಯಲ್ಲಿ ಚಪ್ಪರ ಹಾಕುವವರು ಯಾರು? ಆಷಾಢ, ಪಿತೃಪಕ್ಷ ನಂಬುವುದಿಲ್ಲ ಅನ್ನುವವರೂ ಆ ದಿನಗಳಲ್ಲಿ ಮದುವೆ ಇಡುವುದಿಲ್ಲ, ನೆಂಟರು ಬರಲ್ಲ ಅಂತ. ಅಡಿಕೆ ಕೊಯ್ಲು, ಸುಲಿಯುವ ಗಡಿಬಿಡಿಯಲ್ಲೂ ಕಡಿಮೆ. ಫೆಬ್ರವರಿಯಿಂದ ಮೇ ಅನ್ನಿ. ಆಗ ಒಂದೇ ಭಾನುವಾರಕ್ಕೆ ಮೂವರು ಕೇಳುತ್ತಾರೆ. ಹೊಸನಗರದ ತಂಗೀ, ಇದನ್ನೂ ಓದಿಕೋ, ಶಾಲೆ ಕೆಲಸ ಈಗಲೇ ಬಿಡಬೇಡ.

ಪ್ರಶ್ನೆ: ಇದೆಲ್ಲ ಫಾರಿನ್ ಸಿನಿಮಾ ನೋಡಿ ಬಂದ ಶೋಕಿ. ನಮ್ಮ ಸಂಸ್ಕೃತಿ ಹಾಳು ಮಾಡಬೇಡಿ.

ಉತ್ತರ: ಕುಪ್ಪಳಿ ನನ್ನ ತಾಲ್ಲೂಕಿನಲ್ಲೇ ಇದೆ ಸ್ವಾಮೀ, ಫಾರಿನ್‌ನಲ್ಲಿ ಅಲ್ಲ. ಅಲ್ಲಿಯ ಕುವೆಂಪು ಮಂತ್ರ ಮಾಂಗಲ್ಯ ಅಂತ ಸರಳ ಮದುವೆಯ ಕ್ರಮ ಮಾಡಿಕೊಟ್ಟರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಆಡುವ ಮಾತು ಮದುವೆ ಆಗುವವರಿಗೆ ಅರ್ಥ ಆಗಬೇಕು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯೇ ಹಾಗೆ ನಡೆಯಿತು. ಈಗಲೂ ಎಷ್ಟೋ ಜನ ಆ ಕ್ರಮದಲ್ಲಿ ಆಗುತ್ತಾರೆ, ನನ್ನ ಹತ್ತಿರ ಬರುವವರಲ್ಲೂ ಅದನ್ನೇ ಓದಿಸಿ ಅನ್ನುವವರಿದ್ದಾರೆ. ಇನ್ನು ವಚನ ಓದಿ ಮದುವೆ ಆಗುವವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು. ಕುಲದ ಹಿರಿಯರೇ ನಿಂತು ಮದುವೆ ಮಾಡಿಸುವ ಸಮುದಾಯಗಳೂ ಎಷ್ಟೋ ಇವೆ. ಫಾರಿನ್‌ನಿಂದ ಬಂದದ್ದು ಚಪ್ಪರಕ್ಕೆ ಡ್ರೋನು, ಕೇಕು. ಅದನ್ನು ಪುರೋಹಿತರಿರುವ ಮದುವೆಯಲ್ಲೇ ಜಾಸ್ತಿ ನೋಡಿದ್ದೇನೆ.

ಪ್ರಶ್ನೆ: ಎಲ್ಲ ಚೆನ್ನಾಗಿ ಆದದ್ದನ್ನೇ ಬರೆದಿದ್ದೀರಿ. ಎಡವಟ್ಟು ಆಗಿಲ್ವಾ?

ಉತ್ತರ: ಆಗದೆ ಏನು. ಒಂದು ಕಲ್ಯಾಣ ಮಂಟಪದಲ್ಲಿ ಕರೆಂಟ್ ಹೋಯಿತು, ಜನರೇಟರ್ ಇದೆ ಅಂದಿದ್ದರು. ಇತ್ತು, ಅಡುಗೆಮನೆಗೆ ಮಾತ್ರ. ಮೈಕ್ ಇಲ್ಲ, ಮೇಲೆ ಶೀಟಿನ ಮೇಲೆ ಮೇ ತಿಂಗಳ ಗುಡುಗು ಮಳೆ. ಪ್ರತಿಜ್ಞೆಯನ್ನು ಕಿರುಚಿ ಹೇಳಿದರು, ಜಗಳ ಆಡುತ್ತಿದ್ದಾರೆ ಅಂತ ಊಟದ ಹಾಲಿನಿಂದ ಇಬ್ಬರು ಓಡಿ ಬಂದರು.

ಅದು ನಗುವ ಕತೆ. ಇನ್ನೊಂದಕ್ಕೆ ಈಗಲೂ ನಗು ಬರುವುದಿಲ್ಲ. ಹುಡುಗ ಹುಡುಗಿ ಇಬ್ಬರೂ ನನಗೆ ಖುಷಿಯಿಂದ ಹೇಳಿದ್ದರು, ದಿನಾ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಒಟ್ಟಿಗೆ ಹೋಗುತ್ತಿದ್ದೆವು, ಅವಳು ಸೀಟು ಹಿಡಿದಿಡುತ್ತಿದ್ದಳು, ಐದು ವರ್ಷ ಅಂತ. ನಾನು ಅದನ್ನು ಬಹಳ ಚಂದ ಬರೆದೆ. ಮದುವೆ ದಿನ ಓದಿದೆ. ಯಾರೂ ನಗಲಿಲ್ಲ. ಹುಡುಗಿಯ ಅಪ್ಪನ ಮುಖ ನೋಡಿದೆ. ಮನೆಯವರಿಗೆ ಇದು ದಲ್ಲಾಳಿ ತಂದ ಸಂಬಂಧ, ಹೆಣ್ಣು ನೋಡುವ ಶಾಸ್ತ್ರದಲ್ಲೇ ಮೊದಲ ಸಲ ನೋಡಿದ್ದು ಅಂತ ಹೇಳಿದ್ದರಂತೆ. ದಲ್ಲಾಳಿಯನ್ನು ಇವರೇ ಕಳಿಸಿದ್ದು. ನನಗೆ ಅದನ್ನು ಹೇಳಲು ಮರೆತಿದ್ದರು, ನಾನು ಕೇಳಲು ಮರೆತಿದ್ದೆ. ತಪ್ಪು ನನ್ನದೇ. ಆ ಅಪ್ಪ ಶಾಸ್ತ್ರ ಎಲ್ಲ ಮುಗಿಸಿದರು, ಊಟಕ್ಕೆ ಮಾತ್ರ ಕೂರಲಿಲ್ಲ. ವರ್ಷದ ಮೇಲೆ ಮೊಮ್ಮಗು ಹುಟ್ಟಿದಾಗ ಸರಿಹೋಯಿತಂತೆ, ಅವರೇ ಫೋನ್ ಮಾಡಿ ಹೇಳಿದರು, ಆದರೂ.

ಈಗ ಬರೆದ ಪ್ರತಿ ಕತೆಯನ್ನೂ ಇಬ್ಬರಿಗೆ ಓದಿ ಹೇಳಿ ಒಂದು ಪ್ರಶ್ನೆ ಕೇಳುತ್ತೇನೆ. ಇದು ಯಾರಿಗೆ ಗೊತ್ತಿಲ್ಲ?

ಪ್ರಶ್ನೆ: ಊರು ಶೃಂಗೇರಿ ಹತ್ತಿರ, ಕೆಲಸ ಬೆಂಗಳೂರು. ಮದುವೆಗೆ ಪ್ರತಿಜ್ಞೆ ಬರೀಬೇಕು ಅಂದಳು. ನನಗೆ ಬರೆಯೋಕೆ ಬರಲ್ಲ, ಎಐ ಕೈಲಿ ಬರೆಸಿದೆ. ಕಳಿಸಿದ್ದೇನೆ, ಪರವಾಗಿಲ್ವಾ ನೋಡಿ.

ಉತ್ತರ: ನೋಡಿದೆ. "ನಿನ್ನ ಬಾಳಿನ ಪ್ರತಿ ಹೆಜ್ಜೆಯಲ್ಲೂ ನೆರಳಾಗಿರುತ್ತೇನೆ" ಅಂತ ಇದೆ. ತಪ್ಪಿಲ್ಲ. ಆದರೆ ಅವಳ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ, ಅಲ್ವಾ? ಇದನ್ನು ನೀನು ಮುರಿದರೂ ಅವಳು ಹಿಡಿಯುವುದು ಹೇಗೆ? ನೆರಳಾಗಲಿಲ್ಲ ಅಂತ ಜಗಳ ಆಡಲು ಬರುತ್ತದಾ?

ಪ್ರತಿಜ್ಞೆ ಅಂದರೆ ಮುರಿದರೆ ಗೊತ್ತಾಗಬೇಕು. ನಿನ್ನ ಕಾಗದದಲ್ಲೇ ಒಳ್ಳೇದಿದೆ, ಕೆಳಗೆ ಸುಮ್ನೆ ಬರೆದಿದ್ದೀಯ, ಊರಿಗೆ ಹೋದಾಗ ಅವಳಿಗೆ ಬಚ್ಚಲ ಒಲೆಯ ಹೊಗೆ ಆಗಲ್ಲ, ಕಣ್ಣು ಕೆಂಪಾಗುತ್ತೆ ಅಂತ. ಹಾಗಾದರೆ ಬರಿ: "ಊರಿಗೆ ಹೋದಾಗ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ನಾನು ಹಾಕುತ್ತೇನೆ. ಮಳೆಗಾಲದ ಹಸಿ ಸೌದೆ ಇದ್ದರೂ ನಾನೇ." ಮನೆಯ ಹೆಂಗಸರು ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಆಮೇಲೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ಅವಳ ಕೆಲಸದ ಬಗ್ಗೆ ಬರಿ, ಇನ್ನೊಂದು ದುಡ್ಡಿನ ಬಗ್ಗೆ. ದುಡ್ಡಿನ ಬಗ್ಗೆ ಯಾರೂ ಬರೆಯುವುದಿಲ್ಲ, ಜಗಳ ಎಲ್ಲ ಅದರಲ್ಲೇ ಇರುತ್ತದೆ. ಐದು ಸಾಲು ಸಾಕು. ನೀನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವ ಕನ್ನಡದಲ್ಲೇ ಬರಿ. ಬರೆದ ಮೇಲೆ ಗಟ್ಟಿಯಾಗಿ ಓದಿ ನೋಡು, ನಾಚಿಕೆ ಆದರೆ ಸರಿಯಾಗಿದೆ.

ಪ್ರಶ್ನೆ: ನಿಮ್ಮ ಮದುವೆ ಹೇಗಾಯ್ತು ಟೀಚರ್?

ಉತ್ತರ: ಅದೇ, ಹೊಗೆ ಹಾಕಿಕೊಂಡು ಮೂರು ಗಂಟೆ. ಭಟ್ಟರಿಗೆ ಸಂಜೆ ಇನ್ನೊಂದು ಮದುವೆ ಇತ್ತು, ಆದ್ದರಿಂದ ಕೊನೆಯ ಒಂದು ಗಂಟೆ ಬಹಳ ಬೇಗ ಬೇಗ ಹೇಳಿದರು. ನನಗೆ ಒಂದು ಮಾತೂ ಅರ್ಥ ಆಗಲಿಲ್ಲ. ಸಪ್ತಪದಿಯ ಐದನೇ ಹೆಜ್ಜೆಯಲ್ಲಿ ನಮ್ಮ ಮನೆಯವರು ನನ್ನ ಕಾಲು ತುಳಿದರು. ಯಾವುದಕ್ಕೆ ಅಂತ ಆಮೇಲೆ ಪುಸ್ತಕ ತೆಗೆದು ನೋಡಿದೆವು, ಸಂತಾನಕ್ಕಂತೆ. ನಮಗೆ ನಾಲ್ಕು ಮಕ್ಕಳು.